ಬೋರಲು ಮಲಗಿದರೆ ಬಚಾವಾಗಲ್ಲ

ದಾವಣಗೆರೆಯ ಗರಡಿ ಮನೆಯಲ್ಲಿ ಬೆಳೆದ ಹುಡುಗರಿಗೆ ಕುತ್ತಿಗೆ, ಸೊಂಟದ ಬಲಕ್ಕೆ ಕೊರತೆಯಿಲ್ಲ. ಅಂತರರಾಷ್ಟ್ರೀಯ ಫ್ರೀಸ್ಟೈಲ್ ಕುಸ್ತಿಗೆ ತಯಾರಾಗುವಾಗ ಅವರಿಗೆ ಕೈ ಕೊಡುವುದು ಒಂದು ಹಳೇ ಅಭ್ಯಾಸ, ಕೆಳಗೆ ಬಿದ್ದ ಕೂಡಲೇ ಬೋರಲಾಗಿ ಮಣ್ಣಿಗೆ ಅಂಟಿಕೊಳ್ಳುವುದು. ದುಗ್ಗಮ್ಮನ ಜಾತ್ರೆಯ ಕಣದಲ್ಲಿ ಅದು ಜಾಣತನವೇ, ಅಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರಷ್ಟೇ ಸೋಲು. ಫ್ರೀಸ್ಟೈಲ್‌ನ ಮ್ಯಾಟ್ ಮೇಲೆ ಕೆಡವಿದ್ದಕ್ಕೇ 2 ಅಂಕ. ಆಮೇಲೆ ಬೆನ್ನು ಮ್ಯಾಟ್ ಕಡೆ ತಿರುಗುವಂತೆ ಉರುಳಿಸಿದ ಪ್ರತಿ ಸಲವೂ ಮತ್ತೆ 2. ಒಮ್ಮೆ ಕೆಡವಿ ನಾಲ್ಕು ಸಲ ಉರುಳಿಸಿದರೆ 10 ಅಂಕದ ಅಂತರ, ಕುಸ್ತಿ ಅಲ್ಲಿಗೇ ಮುಗಿಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯೋಗೇಶ್ವರ್ ದತ್ ಕಂಚು ಗೆದ್ದದ್ದು ಎದುರಾಳಿಯ ಕಣಕಾಲು ಹೆಣೆದು ಹೀಗೆ ಉರುಳಿಸಿಯೇ.

ಅದಕ್ಕೇ ನಾನು ಅಭ್ಯಾಸವನ್ನು ನೆಲದಿಂದಲೇ ಶುರು ಮಾಡಿಸುತ್ತೇನೆ. ಒಬ್ಬ ಕೆಳಗೆ, ಒಬ್ಬ ಮೇಲೆ. 30 ಸೆಕೆಂಡ್ ಹಿಡಿ, 30 ಸೆಕೆಂಡ್ ಬಿಡು, ಅದಲು ಬದಲು, ಆರು ಸುತ್ತು. ಮೂರನೆಯವನು ಪಕ್ಕದಲ್ಲಿ ಕೂತು ‘ಎರಡು, ನಾಲ್ಕು, ಆರು’ ಎಂದು ಕೂಗುತ್ತಾನೆ. ಆ ಕೂಗು ಕಿವಿಗೆ ಬೀಳದೆ ಹುಡುಗರಿಗೆ ಅಂಕದ ಭಯ ಹುಟ್ಟುವುದಿಲ್ಲ.

ಕೆಳಗಿರುವವನು ಕಾಲು ಅಗಲಿಸಿ ಒಂದು ಮಂಡಿಯನ್ನು ಸೊಂಟದತ್ತ ಎಳೆದುಕೊಳ್ಳಬೇಕು. ಕಣಕಾಲು ಒಂದರ ಮೇಲೊಂದು ಬಂತೋ, ಮೇಲಿನವನಿಗೆ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗೆ. ಹೆಣಿಗೆ ಬಿದ್ದರೂ ಸುಮ್ಮನಿರದೆ ಮೊಣಕೈ ಊರಿ ಮುಂದಕ್ಕೆ ತೆವಳಬೇಕು. ಸೊಂಟ ಬಳಸಿ ಹಿಡಿದರೆ ಹೊಟ್ಟೆ ಮ್ಯಾಟಿಗೆ ಒತ್ತಿ, ಮೊಣಕೈ ಪಕ್ಕೆಗೆ ಬಿಗಿದು, ಅವನು ಉರುಳಿಸುವ ಕಡೆಯ ಕಾಲನ್ನು ಅಗಲಕ್ಕೆ ಚಾಚಬೇಕು. ಕಾಲು ಚಾಚುವುದು ಅರೆ ಕ್ಷಣ ತಡವಾದರೂ ಉಪಯೋಗವಿಲ್ಲ, ಅವನ ಸೊಂಟ ಆಗಲೇ ನಮ್ಮ ಕೆಳಗೆ ಸೇರಿರುತ್ತದೆ.

ಹಿಡಿತವೂ ಬದಲಾಗಬೇಕು. ಮಣ್ಣಿನ ಕುಸ್ತಿಯಲ್ಲಿ ಚಡ್ಡಿ ಹಿಡಿದು ಎತ್ತುವ ರೂಢಿ, ಇಲ್ಲಿ ಬಟ್ಟೆ ಹಿಡಿಯುವಂತಿಲ್ಲ. ಬೆವರಿದ ಮೈ ಮೇಲೆ ಬೆರಳು ಹೆಣೆದ ಹಿಡಿತ ಜಾರುತ್ತದೆ, ಬೆರಳೂ ಉಳುಕುತ್ತವೆ. ಅಂಗೈಗೆ ಅಂಗೈ ಕೊಟ್ಟು ನಾಲ್ಕು ಬೆರಳು ಕೊಕ್ಕೆ ಹಾಕಿ ಹಿಡಿಯಬೇಕು.

ಅಂಚಿನದು ಬೇರೆ ತಲೆನೋವು. ಗರಡಿಯಲ್ಲಿ ಹಿಂದೆ ಸರಿದರೆ ನಷ್ಟವಿಲ್ಲ. ಮ್ಯಾಟ್‌ನಲ್ಲಿ 9 ಮೀಟರ್ ವ್ಯಾಸದ ವೃತ್ತದಾಚೆ ಒಂದು ಪಾದ ಇಟ್ಟರೂ ಎದುರಾಳಿಗೆ 1 ಅಂಕ. ಮ್ಯಾಟ್ ಸಿಗದ ದಿನ ಗೂಟಕ್ಕೆ ಹಗ್ಗ ಕಟ್ಟಿ, ನಾಲ್ಕೂವರೆ ಮೀಟರಿಗೊಂದು, ಮೂರೂವರೆಗೊಂದು ಸುಣ್ಣದ ಗೆರೆ ಎಳೆಯುತ್ತೇನೆ. ಒಳಗೆರೆ ದಾಟಿದ ಕೂಡಲೇ ಹುಡುಗ ಪಕ್ಕಕ್ಕೆ ಸುತ್ತಿ ಒಳಬರಬೇಕು.

ದಮ್ಮಿಗೆ 3 ನಿಮಿಷ, 30 ಸೆಕೆಂಡ್ ವಿರಾಮ, ಮತ್ತೆ 3 ನಿಮಿಷ. ನಿಮಿಷಕ್ಕೊಬ್ಬ ಹೊಸ ಜೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲಿಗೆ ಇದನ್ನು ಬೆಳಗಿನ ಜಾವವೇ ಮುಗಿಸಬೇಕು.

ಇನ್ನು ತೂಕ. ಫೈನಲ್ ಎರಡನೇ ದಿನ, ಆವತ್ತು ಬೆಳಿಗ್ಗೆ ಮತ್ತೆ ತೂಗುತ್ತಾರೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದಲ್ಲಿ 100 ಗ್ರಾಂಗೆ ಅನರ್ಹರಾದದ್ದು ಆ ಬೆಳಿಗ್ಗೆಯೇ. ನಿದ್ದೆಯಲ್ಲಿ ತಾನಾಗಿ ಇಳಿಯುವ ತೂಕ ಒಬ್ಬೊಬ್ಬರಿಗೆ ಒಂದೊಂದು. ಸ್ಪರ್ಧೆಗೆ ತಿಂಗಳ ಮೊದಲೇ ಮೂರು ರಾತ್ರಿ ಮಲಗುವ ಮುಂಚೆ, ಎದ್ದ ಮೇಲೆ ತೂಗಿ, ಅತಿ ಕಡಿಮೆ ಇಳಿದ ರಾತ್ರಿಯ ಅಂಕಿ ಬರೆದಿಡಿ. ಮೊದಲ ದಿನದ ಕುಸ್ತಿ ಮುಗಿದ ಮೇಲೆ ಗಂಜಿ, ಬಾಳೆಹಣ್ಣು, ನೀರು ಎಲ್ಲ ಸೇರಿ ಮಲಗುವಾಗಿನ ತೂಕ ವಿಭಾಗದ ಮಿತಿಗಿಂತ ಹೆಚ್ಚಿದ್ದರೂ ಆ ಅಂಕಿಯೊಳಗೇ ಇರಬೇಕು. ಅರ್ಧ ಲೀಟರ್ ನೀರೆಂದರೆ ಅರ್ಧ ಕೆಜಿ ತೂಕ.