ಆಯಿಯ ನೆನಪು ಬರೆದಿಡುವಾಗ ಇಸವಿ ಕೇಳಬೇಡಿ

ಆಯಿಯ (ಅಜ್ಜಿಯ) ಜೀವನ ಬರೆದಿಡುವವರು ಇಸವಿ ಬಿಟ್ಟು ಗುರುತು ಕೇಳಿ: "ಆಯಿ, ರಜಾಕಾರರ ಗಲಾಟಿಯಾಗ ನೀ ಎಷ್ಟು ದೊಡ್ಡಾಕಿ ಇದ್ದಿ?" (ರಜಾಕಾರರು ಅಂದರೆ ನಿಜಾಮರ ಪರದ ಸಶಸ್ತ್ರ ದಂಡು.) "ಬರಗಾಲದಾಗ ಯಾವ ಕೂಸು ಕಂಕುಳಾಗಿತ್ತು?" ಹಳಬರ ಲೆಕ್ಕ ಘಟನೆಗೆ ಕಟ್ಟಿಕೊಂಡಿರುತ್ತದೆ, ಕ್ಯಾಲೆಂಡರಿಗಲ್ಲ. ಹಳೆ ನಿಜಾಮರ ಸೀಮೆಯಾದ ನಮ್ಮ ಕಡೆ ಗಟ್ಟಿ ಗುರುತು ಎರಡು: ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ (ಮಹಾರಾಷ್ಟ್ರದ ಲಾತೂರ್ ಜಿಲ್ಲೆ) ಭೂಕಂಪ. ಮೊದಲನೆಯದಕ್ಕೆ ಆಕೆ ಹತ್ತು ವರ್ಷದವಳಾಗಿದ್ದರೆ ಹುಟ್ಟಿದ್ದು 1938ರ ಆಸುಪಾಸು. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇದ್ದರೆ ಅದು ಬಹಳ ಸಲ ಅಂದಾಜಿನದು. 1972ರ ಬರ ಸಡಿಲ ಗುರುತು, ಹಿಂದುಮುಂದಿನ ವರ್ಷಗಳೂ ಅದರಲ್ಲೇ ಸೇರಿಹೋಗುತ್ತವೆ. ತವರು ಸೊಲ್ಲಾಪುರ ಕಡೆಯದಾದರೆ 1948 ಅಷ್ಟು ನೆಚ್ಚಿಕೆಯಲ್ಲ, ಅದು ನಿಜಾಮರ ಸೀಮೆಯಾಗಿರಲಿಲ್ಲ. ತೀರಾ ಸಣ್ಣಾಕಿ ಇದ್ದಾಗಿನ ನೆನಪು ಹೆಚ್ಚಾಗಿ ಮಂದಿ ಹೇಳಿದ್ದು. "ಕಂಡಿದ್ದು", "ಕೇಳಿದ್ದು" ಅಂತ ಪಕ್ಕದಲ್ಲಿ ಗುರುತು ಹಾಕಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಬತ್ತಿ ಹೊಸೆಯುವಾಗ ಕೂಡಿ, ಫ್ಯಾನ್ ಬಂದ್ ಮಾಡಿ, ಫೋನು ಮೊಳದಷ್ಟು ದೂರ ಸಾಕು. ರೊಟ್ಟಿ ಬಡಿಯುವಾಗ ಮಾತ್ರ ಬೇಡ, ಸಪ್ಪಳದಲ್ಲಿ ಮಾತು ಮುಳುಗುತ್ತದೆ. ನಡುವೆ ಬೈಗುಳ ಬಂದರೆ ತೆಗೆಯಬೇಡಿ, ಪುಸ್ತಕದ ಕನ್ನಡಕ್ಕೂ ತಿದ್ದಬೇಡಿ.