ಬಿಲ್ಲಲ್ಲಿ ಅಡಗಿ ಕೂತ ದಾನ: ಹುಡುಕೋದು ಹೇಗೆ, ತೆಗೆಯೋದು ಹೇಗೆ?

ಮೊನ್ನೆ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನಂದು 487 ರೂಪಾಯಿ ಬಿಲ್ ಆಯ್ತು, ಕೌಂಟರ್ ಹುಡುಗಿ "ಮೂರು ರೂಪಾಯಿ ಡೊನೇಶನ್‌ಗೆ ಹಾಕ್ಲಾ ಸರ್?" ಅಂದ್ಲು, ಹಿಂದೆ ಕ್ಯೂ ಬೇರೆ ಉಂಟು, ಬೇಡ ಅನ್ಲಿಕ್ಕೆ ನಾಚಿಕೆಯಾಗಿ ಹೂಂ ಅಂದೆ. ಯಾರಿಗೆ ಹೋಗ್ತದೆ ಅಂತ ಕೇಳಿದ್ರೆ ಅವಳಿಗೂ ಗೊತ್ತಿಲ್ಲ ಮಾರಾಯ್ರೆ! ಆದ್ರೂ ಅವಳು ಕೇಳಿದ್ಲಲ್ಲಾ, ಕೆಲವು ಆಪ್‌ಗಳು ಅದನ್ನೂ ಕೇಳೋದಿಲ್ಲ.

ಹಾಗಾಗಿ ಪೇ ಬಟನ್ ಒತ್ತುವ ಮೊದಲು ಪೇಜನ್ನ ಕೆಳಗಿನವರೆಗೆ ಎಳೀರಿ. ಒಟ್ಟು ಮೊತ್ತದ ಪಕ್ಕ ಸಣ್ಣ ಬಾಣ ಇದ್ರೆ ಅದನ್ನ ಒತ್ತಿ, ಡೊನೇಶನ್ ಇದ್ರೆ ಹೆಚ್ಚಾಗಿ ಅಲ್ಲೇ ಇರ್ತದೆ. ಟಿಕ್ ಮೊದಲೇ ಬಿದ್ದಿದ್ರೆ ತೆಗೀರಿ, ಪಾಪ ಬರೋದಿಲ್ಲ. ನೀವು ಹೇಳದೆ ದಾನದ ದುಡ್ಡು ಸೇರಿಸೋದಕ್ಕೆ 'ಬಾಸ್ಕೆಟ್ ಸ್ನೀಕಿಂಗ್' ಅಂತ ಹೆಸರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಬೇಡ ಅಂದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದ್ರೆ ಆನ್‌ಲೈನಲ್ಲಿ ಗ್ರಾಹಕರನ್ನ ಯಾಮಾರಿಸುವ ತಂತ್ರಗಳಲ್ಲಿ, ಇದೂ ಒಂದು. ಬೇಡ ಅಂದವರಿಗೆ ನಾಚಿಕೆ ಹುಟ್ಟಿಸುವ ಡೈಲಾಗೂ ಅದೇ ಲಿಸ್ಟಲ್ಲಿ ಉಂಟು. ಸ್ಕ್ರೀನ್‌ಶಾಟ್ ತೆಗೆದು ಮೊದಲು ಆಪ್‌ನವರಿಗೇ ಕಳಿಸಿ, ಕೇಳದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ಪ್ಯಾಕೆಟ್ ಮೇಲೆ "ಮಾರಾಟದ ಒಂದು ಭಾಗ ಮಕ್ಕಳ ಶಿಕ್ಷಣಕ್ಕೆ" ಅಂತ ಇರ್ತದಲ್ವಾ, ಐದು ಪೈಸೆಯೂ ಭಾಗವೇ! ಎಷ್ಟು, ಯಾವ ಸಂಸ್ಥೆಗೆ, ಯಾವಾಗಿನವರೆಗೆ, ಈ ಮೂರು ಹಿಂದಿನ ಸಣ್ಣ ಅಕ್ಷರದಲ್ಲಿ ಉಂಟಾ ನೋಡಿ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್‌ನವರು ಸ್ವಾತಂತ್ರ್ಯ ದೇವತೆ ಪ್ರತಿಮೆ ರಿಪೇರಿಗೆ ಕಾರ್ಡ್ ಉಜ್ಜಿದಾಗೆಲ್ಲ ಒಂದು ಸೆಂಟ್, ಹೊಸ ಕಾರ್ಡಿಗೆ ಒಂದು ಡಾಲರ್ ಅಂತ ಲೆಕ್ಕ ಹೇಳಿಯೇ ಕೊಟ್ಟದ್ದು, 17 ಲಕ್ಷ ಡಾಲರ್ ಆಯ್ತು. ಲೆಕ್ಕ ಬರೆಯದ ಪ್ಯಾಕೆಟನ್ನ ನಾನು ಬಿಸ್ಕೆಟ್ ಚೆನ್ನಾಗಿದ್ರೆ ಮಾತ್ರ ತಗೊಳ್ಳೋದು.

ಟ್ಯಾಕ್ಸ್ ಉಳಿಸ್ಲಿಕ್ಕೆ ಇದೆಲ್ಲ ಆಗೋದಿಲ್ಲ. ದಾನಕ್ಕೆ ಸಿಗುವ ಟ್ಯಾಕ್ಸ್ ರಿಯಾಯಿತಿ, ಜನ 80ಜಿ ಅಂತಾರಲ್ಲ ಅದು, ಹಳೆ ಟ್ಯಾಕ್ಸ್ ರೆಜಿಮ್ ಆರಿಸಿಕೊಂಡವರಿಗೆ ಮಾತ್ರ, ಅದಕ್ಕೂ ನಿಮ್ಮ ಹೆಸರಿನ ಸರ್ಟಿಫಿಕೇಟ್ ಬೇಕು, ಕ್ಯಾಶ್ ಕೊಟ್ರೆ 2000 ದಾಟಬಾರ್ದು.

ನಾನೀಗ ಟಿಕ್ ತೆಗೆದ ಚಿಲ್ಲರೆಯನ್ನೆಲ್ಲ ಫೋನಲ್ಲಿ ಬರೆದಿಡ್ತೇನೆ. ಹೋದ ತಿಂಗಳು 38 ರೂಪಾಯಿ ಆಗಿತ್ತು, ಅದನ್ನ 500 ಮಾಡಿ ಮನೆ ಹತ್ರದ ಅನಾಥಾಶ್ರಮಕ್ಕೆ ಕೊಟ್ಟೆ, ಆಫೀಸಿನ ಅಕ್ಕ ರಸೀದಿ ಬರೀತಾ "ಇನಿಶಿಯಲ್ ಎಂತದು?" ಕೇಳಿದ್ರು.