ಹೊಟ್ಟೆಯಲ್ಲಿರುವ ಮಗುವಿನ ಹೃದಯ ತೋರಿಸುವುದು ಹೇಗೆ?

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಯಾರ ಬಾಯಲ್ಲಿ ಕೇಳಿದರೂ ಹಾರ್ಟ್ ಅಟ್ಯಾಕ್ ಮಾತೇ. ಮೈಸೂರಿನ ಜಯದೇವ ಹೃದಯದ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಕ್ಯೂ. ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಹೃದಯದ ಚಿಂತೆ ಶುರುವಾಗಿತ್ತು. ಆ ಹೃದಯ ಇನ್ನೂ ತಂಗಿಯ ಹೊಟ್ಟೆಯೊಳಗಿತ್ತು.

ಐದನೇ ತಿಂಗಳ ಸ್ಕ್ಯಾನ್ ಮಾಡಿದವರು "ಮಗು ಮಗ್ಗುಲು ತಿರುಗಿದೆ, ಹೃದಯ ಸರಿಯಾಗಿ ಕಾಣ್ತಿಲ್ಲ, ಮುಂದಿನ ಸಲ ನೋಡೋಣ" ಅಂದರು. ನಾವೂ ಸರಿ ಅಂತ ಎದ್ದು ಬಂದೆವು. ಹಾಗೆ ಸುಮ್ನೆ ಮೂರು ವಾರ ಹೋಯಿತು. ನೀವು ಹೀಗೆ ಎದ್ದು ಬರಬೇಡಿ.

ಮೊದಲು: ಸ್ಕ್ಯಾನ್ ಕೋಣೆಯಲ್ಲೇ ಕೇಳಿ

ಹುಟ್ಟುವ 1000 ಮಕ್ಕಳಲ್ಲಿ ಹೆಚ್ಚುಕಮ್ಮಿ 8ರಿಂದ 10 ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ಅವರಲ್ಲಿ ಜಾಸ್ತಿ ಮಂದಿಯ ಮನೆತನದಲ್ಲಿ ಯಾರಿಗೂ ಅದು ಇರುವುದಿಲ್ಲ. ಹಾಗಾಗಿ "ನಮ್ಮ ಕಡೆ ಯಾರಿಗೂ ಇಲ್ಲ" ಅನ್ನುವ ಧೈರ್ಯ ಸಾಲದು. 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಗಳು ಸರಿಯಾಗಿವೆಯಾ ಅಂತ ನೋಡುವ ಸ್ಕ್ಯಾನ್) ಮಾಡಿಸುವಾಗ ಎರಡೇ ಪ್ರಶ್ನೆ ಕೇಳಿ. ಹೃದಯದ ನಾಲ್ಕು ಕೋಣೆ ಕಂಡವಾ? ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳ ಕಂಡವಾ? ಒಂದಕ್ಕಾದರೂ "ಇಲ್ಲ" ಅಂದರೆ ಮತ್ತೆ ಯಾವಾಗ ಬರಬೇಕು ಅಂತ ತಾರೀಖು ಬರೆಸಿಕೊಂಡೇ ಏಳಿ.

ಕೆಲವರು ಇಷ್ಟಕ್ಕೆ ಕಾಯಬಾರದು, ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ಬೇಕಾ ಅಂತ ಮೊದಲೇ ಕೇಳಬೇಕು. ಬಸುರಿಗೆ ಮೊದಲಿನಿಂದಲೇ ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆ ರೋಗದ ಕೆಲವು ಮಾತ್ರೆ ತಗೊಳ್ತಿದ್ದರೆ, ಮೊದಲ ಮಗುವಿಗೋ ಅಪ್ಪ ಅಮ್ಮನಿಗೋ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಮ್ಮ ಕಡೆ ಇದು ಮಾಮೂಲಿ ಅಲ್ವಾ, ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ಮೂರ್ಛೆ ರೋಗದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಫೀಟಲ್ ಎಕೋ

ಹೆಸರು ದೊಡ್ಡದು, ಕೆಲಸ ಅದೇ ಹೊಟ್ಟೆ ಸ್ಕ್ಯಾನಿನದು. ಅದೇ ತಣ್ಣನೆಯ ಜೆಲ್, ಸೂಜಿ ಇಲ್ಲ, ಉಪವಾಸ ಇಲ್ಲ. ಹೃದಯವೊಂದನ್ನೇ ನಿಧಾನವಾಗಿ ನೋಡುತ್ತಾರೆ, ಅರ್ಧ ಗಂಟೆ ಮುಕ್ಕಾಲು ಗಂಟೆ ಹಿಡಿಯಬಹುದು. ಮಗು ಬೆನ್ನು ತಿರುಗಿಸಿದರೆ ಅಮ್ಮನನ್ನು ಎಬ್ಬಿಸಿ ನಾಲ್ಕು ಹೆಜ್ಜೆ ಓಡಾಡಿಸುತ್ತಾರೆ. ತಂಗಿ ಕಾರಿಡಾರ್‌ನಲ್ಲಿ ಮೂರು ಸುತ್ತು ಹಾಕಿ ಬಂದ ಮೇಲೆ ನಮ್ಮ ಪುಟ್ಟಿ ತಿರುಗಿದಳು.

ಇದಕ್ಕೆ ಒಳ್ಳೆಯ ಸಮಯ 18ರಿಂದ 24 ವಾರ. ತೊಂದರೆ ತೀರಾ ದೊಡ್ಡದಾಗಿದ್ದರೆ ಗರ್ಭ ಮುಂದುವರಿಸುವ ಬಗ್ಗೆ ಗಂಡ ಹೆಂಡತಿ ಯೋಚಿಸಬೇಕಾಗಬಹುದು. 24 ವಾರ ದಾಟಿದರೆ ಅದು ಮೆಡಿಕಲ್ ಬೋರ್ಡ್ ಮುಂದೆ ಹೋಗುತ್ತದೆ. ನಾವು ಕಳೆದ ಮೂರು ವಾರದ ಬೆಲೆ ಗೊತ್ತಾಗಿದ್ದು ಆಗಲೇ.

ಆಸ್ಪತ್ರೆಗೆ ಫೋನ್ ಮಾಡುವಾಗ "ಮಕ್ಕಳ ಹೃದಯದ ಡಾಕ್ಟರ್ ಯಾವತ್ತು ಇರ್ತಾರೆ, ಫೀಟಲ್ ಎಕೋ ಮಾಡ್ತಾರಾ" ಅಂತಲೇ ಕೇಳಿ. ದೊಡ್ಡವರ ಹೃದಯದ ಡಾಕ್ಟರೇ ಬೇರೆ, ಇವರೇ ಬೇರೆ. ಮಕ್ಕಳ ಹೃದಯದ ಆಪರೇಷನ್‌ಗೆ ಹಾಸನದವರು ಹೋಗುವುದು ಹೆಚ್ಚಾಗಿ ಬೆಂಗಳೂರಿಗೆ. ಜಯದೇವ ಇದೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇದೆ, ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಸಕಲೇಶಪುರದವರಿಗೆ ಮಂಗಳೂರು ಹತ್ತಿರ ಅನಿಸಬಹುದು, ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟ್ ನಂಬಿ ಹೊರಡಬೇಡಿ.

ಹೆರಿಗೆ ಎಲ್ಲಿ?

ಎಕೋ ಮಾಡಿದವರನ್ನು ಕೇಳಲೇಬೇಕಾದ ಪ್ರಶ್ನೆ ಇದು. ಹೃದಯದ ಗೋಡೆಯಲ್ಲಿ ಸಣ್ಣ ತೂತಾದರೆ ಊರಲ್ಲೇ ಹೆರಿಗೆ ಆಗಬಹುದು. ಕೆಲವು ತೊಂದರೆಗಳು ಹಾಗಲ್ಲ. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಡಕ್ಟಸ್ ಅನ್ನುವ ಒಂದು ಅಡ್ಡನಾಳ ಇರುತ್ತದೆ, ಹುಟ್ಟಿದ ಕೆಲವು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಕೆಲವು ಮಕ್ಕಳು ಬದುಕುವುದೇ ಆ ನಾಳದ ಮೇಲೆ. ಅದು ಮುಚ್ಚದ ಹಾಗೆ ಹುಟ್ಟಿದ ಕೂಡಲೇ ಪ್ರೊಸ್ಟಾಗ್ಲಾಂಡಿನ್ ಅನ್ನುವ ಔಷಧಿಯ ಡ್ರಿಪ್ ಹಾಕಬೇಕು. ಅಂಥ ಮಗುವನ್ನು ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ 180 ಕಿಲೋಮೀಟರ್ ಸಾಗಿಸುವುದಕ್ಕಿಂತ, ತಾಯಿಯೇ ಹೊಟ್ಟೆಯಲ್ಲಿಟ್ಟುಕೊಂಡು ಮೊದಲೇ ಬೆಂಗಳೂರು ಸೇರುವುದು ಮೇಲು. ನೆಲಮಂಗಲದ ಟ್ರಾಫಿಕ್ ನಿಮಗೆ ಗೊತ್ತಲ್ಲ.

ಹುಟ್ಟಿದ ಮೇಲೆ

ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಅಂದಿದ್ದರೂ, ಮಗುವಿಗೆ 24 ಗಂಟೆ ತುಂಬಿದ ಮೇಲೆ ಪಲ್ಸ್ ಆಕ್ಸಿಮೀಟರ್ ಹಾಕಿಸಿ. ಕೋವಿಡ್‌ನಲ್ಲಿ ಬೆರಳಿಗೆ ಸಿಕ್ಕಿಸಿದ್ದೆವಲ್ಲ, ಅದರದೇ ಮರಿ. ಬಲಗೈಗೊಂದು ಸಲ, ಪಾದಕ್ಕೊಂದು ಸಲ ಪಟ್ಟಿ ಸುತ್ತುತ್ತಾರೆ. ಕೆಂಪು ದೀಪ ಅಂಗಾಲಿನ ಆಚೆಗೂ ಕಾಣುತ್ತದೆ, ಅಷ್ಟು ತೆಳು ಪಾದ. ಎರಡೂ ಕಡೆ ಆಕ್ಸಿಜನ್ 95 ಅಥವಾ ಅದಕ್ಕಿಂತ ಮೇಲಿರಬೇಕು, ಕೈಗೂ ಕಾಲಿಗೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇಲ್ಲದಿದ್ದರೆ ಮನೆಗೆ ಹೋಗುವ ಮುಂಚೆ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ, ಎಕೋ ಬೇಕಾಗಬಹುದು.

ಮನೆಯಲ್ಲಿ ಹಾಲು ಕುಡಿಸುವಾಗ ನೋಡಿ. ಎರಡು ಗುಟುಕಿಗೆ ಸುಸ್ತಾಗಿ ಬಿಡುವುದು, ಡಿಸೆಂಬರ್ ಚಳಿಯಲ್ಲೂ ಹಣೆ ಬೆವರುವುದು, ತೂಕ ಏರದಿರುವುದು, ಮತ್ತೆ ಮತ್ತೆ ನ್ಯುಮೋನಿಯಾ. ಮಗು ಮಲಗಿದಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳ ಒಳಗಿನ ಮಗುವಿಗೆ 60 ಅಥವಾ ಮೇಲೆ ಬಂದರೆ ತಡಮಾಡಬೇಡಿ. ಚಳಿಗೆ ಅಂಗೈ, ಅಂಗಾಲು ನೀಲಿಯಾಗುವುದು ಮಾಮೂಲಿ. ನಾಲಿಗೆ, ಒಸಡು ನೀಲಿಯಾದರೆ ಆಗಲೇ 108ಕ್ಕೆ ಫೋನ್ ಮಾಡಿ. "ದೃಷ್ಟಿ ತಾಗಿದೆ" ಅಂತ ಅಜ್ಜಿ ನೀವಾಳಿಸಲಿ ಬಿಡಿ, ಅಷ್ಟರಲ್ಲಿ ನೀವು ಗಾಡಿ ಹತ್ತಿ.

ದುಡ್ಡು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದ್ದರಿಂದ ಮೊದಲು ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಹೋಗಿ, ಆಮೇಲೆ ಬೆಂಗಳೂರು ಬಸ್ಸು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡವೂ ಹೃದಯದ ತೊಂದರೆ ಇರುವ ಮಕ್ಕಳನ್ನು ಗುರುತಿಸಿ ಮುಂದಕ್ಕೆ ಕಳಿಸುತ್ತದೆ, ಅದು ಉಚಿತ. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಎಲ್ಲ ಹಳೆಯ ಸ್ಕ್ಯಾನ್ ರಿಪೋರ್ಟ್ ಒಂದೇ ಚೀಲದಲ್ಲಿರಲಿ.

ನಮ್ಮ ಪುಟ್ಟಿಗೆ ಇದ್ದದ್ದು ಕೆಳಗಿನ ಎರಡು ಕೋಣೆಗಳ ನಡುವೆ ಒಂದು ಸಣ್ಣ ತೂತು. ಇಂಥವು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ, ಕಾಯೋಣ ಅಂದಿದ್ದಾರೆ ಡಾಕ್ಟರ್. ಲಸಿಕೆ ಯಾವುದನ್ನೂ ತಪ್ಪಿಸಿಲ್ಲ. ಮುಂದಿನ ಎಕೋ ಒಂದು ವರ್ಷ ತುಂಬಿದ ಮೇಲೆ.